ಹದಿನೇಳು, ಇಪ್ಪತ್ತನಾಲ್ಕು, ಐವತ್ತೊಂದು

ನಮ್ಮ ಹೊಲಿಗೆ ಅಂಗಡಿಯಲ್ಲಿ ಗಿರಾಕಿಗಳಿಗೆ ಹೆಸರಿಲ್ಲ, ಅಳತೆಯೇ ಹೆಸರು. ಭುಜ, ಎದೆ, ಸೊಂಟ, ಈ ಮೂರನ್ನು ಇದೇ ಕ್ರಮದಲ್ಲಿ ಇಂಚಿನಲ್ಲಿ ಹೇಳುತ್ತೇವೆ. “ಹದಿನಾಲ್ಕು, ಮೂವತ್ತಾರು, ಮೂವತ್ತರದು ಗುಂಡಿ ಕಾಜಾ ಆಯ್ತಾ?” ಎಂದು ನಾನು ಕೂಗಿದರೆ, ಅದು ಬೀದಿ ತುದಿಯ ಔಷಧಿ ಅಂಗಡಿಯವಳ ಕೋಟು ಎಂದು ಒಳಗಿನವರಿಗೆ ಗೊತ್ತು. ಬೆಂಚಿನ ಮೇಲೆ ಕಾಯುತ್ತ ಕೂತವರಿಗೆ ತಲೆಬುಡ ತಿಳಿಯುವುದಿಲ್ಲ.

ಈ ಪದ್ಧತಿ ಹಾಕಿಕೊಟ್ಟವರು ನಮ್ಮತ್ತೆ. ಅಂಗಡಿ ಕಟ್ಟಿದ್ದೂ ಅವರೇ. ಈಗ ಕೈ ನಡುಗುತ್ತದೆಂದು ಕತ್ತರಿ ನನಗೆ ಒಪ್ಪಿಸಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಗುಂಡಿಗಳನ್ನು ಬಣ್ಣದ ಪ್ರಕಾರ ಆರಿಸುತ್ತಾರೆ. ಕೈ ಒಂದು ಬಿಟ್ಟರೆ ಮಿಕ್ಕಿದ್ದೆಲ್ಲ ಗಟ್ಟಿ. ಒಮ್ಮೆ ಕಿವಿಗೆ ಬಿದ್ದ ಅಳತೆಯನ್ನು ಮರೆತವರಲ್ಲ. “ಹೆಂಗಸಿನ ಸೊಂಟ ಎಷ್ಟು ಅಂತ ಅವಳ ಗಂಡನಿಗೂ ಗೊತ್ತಿರಲ್ಲ, ದರ್ಜಿಗೆ ಗೊತ್ತಿರತ್ತೆ. ಅದನ್ನ ಬಾಯಿ ಬಿಟ್ರೆ ಅವತ್ತೇ ಕತ್ತರಿ ಕೆಳಗಿಡಬೇಕು,” ಎಂದು ನಾನು ಸೊಸೆಯಾಗಿ ಬಂದ ಹೊಸದರಲ್ಲೇ ಹೇಳಿದ್ದರು. ಹಾಗಾಗಿ ಗಿರಾಕಿ ಅಳತೆಯ ಚೀಟಿ ಕಳಿಸಿದರೆ ಪುಸ್ತಕಕ್ಕೆ ಬರೆದುಕೊಂಡು ಚೀಟಿ ಹರಿದುಹಾಕುತ್ತೇವೆ. ಅಂಗಡಿಯಲ್ಲಿ ಬಿದ್ದಿರಬಾರದು.

ನನಗೆ ಅತ್ತೆ ಇಟ್ಟ ಅಡ್ಡಹೆಸರು ಸೂಜಿಗಣ್ಣಿ. ಬಟ್ಟೆ ವ್ಯಾಪಾರಿ ಮೀಟರು ಹಿಡಿದರೆ ನಾನು ಬಟ್ಟೆ ನೋಡುವುದಿಲ್ಲ, ಅವನ ಹೆಬ್ಬೆರಳು ನೋಡುತ್ತೇನೆ. ದಾರದ ಉಂಡೆ ಕೊಂಡರೆ ಒಳಗಿನ ರಟ್ಟಿನ ಕೊಳವೆ ಎಷ್ಟು ದಪ್ಪವಿದೆ ಎಂದು ಒತ್ತಿ ನೋಡುತ್ತೇನೆ. ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ನಂಬಿ ಕೆಟ್ಟವರನ್ನು ಈ ಬೀದಿಯಲ್ಲೇ ಬೇಕಾದಷ್ಟು ತೋರಿಸಬಲ್ಲೆ. ಅನುಮಾನಪಟ್ಟು ಕೆಟ್ಟವರು ಯಾರಾದರೂ ಇದ್ದಾರೆಯೇ ಎಂದು ಕೇಳಿ ನೋಡಿ. ಆಗ ನಾನು ಹೀಗೇ ಮಾತಾಡುತ್ತಿದ್ದೆ.

ನಮ್ಮವರ ವಿಷಯ ಹೇಳುವುದು ಹೆಚ್ಚಿಲ್ಲ. ನನ್ನ ಗಂಡ ಇಸ್ತ್ರಿ ಮೇಜಿನ ಹಿಂದೆ ನಿಂತರೆ ಇಸ್ತ್ರಿಪೆಟ್ಟಿಗೆಯ ಉಗಿಯ ಸದ್ದು ಕೇಳಿಸುತ್ತದೆ, ಅವರ ಸದ್ದು ಕೇಳಿಸುವುದಿಲ್ಲ. ಅಂಗಡಿಯಲ್ಲಿ ಸದ್ದು ಶುರುವಾದದ್ದು ಚಿಕ್ಕವಳು ಬಂದ ಮೇಲೆ.

ಚಿಕ್ಕವಳು ಎಂದರೆ ನನ್ನ ಮೈದುನನ ಹೆಂಡತಿ, ನನ್ನ ವಾರಗಿತ್ತಿ. ಗಂಡಹೆಂಡತಿ ಹಿಂದಿನ ಬೀದಿಯಲ್ಲಿ ಬೇರೆ ಮನೆ ಮಾಡಿದ್ದಾರೆ. ಮದುವೆಗೆ ಮುಂಚೆ ಅವಳು ಸಿದ್ಧ ಉಡುಪಿನ ದೊಡ್ಡ ಅಂಗಡಿಯಲ್ಲಿ ಗಲ್ಲಾದ ಮೇಲೆ ಇದ್ದವಳು. ನಮ್ಮಲ್ಲಿಗೆ ಬಂದು ತಿಂಗಳಾಗುವುದರೊಳಗೆ ಅಂಗಡಿಗೆಂದೇ ಒಂದು ಫೋನು ತರಿಸಿದಳು. ಅದರಲ್ಲಿ ಮೆಸೇಜಿನ ಆ್ಯಪ್ ಹಾಕಿ, ಗಿರಾಕಿಗಳನ್ನೆಲ್ಲ ಸೇರಿಸಿ ‘ಅಂಗಡಿ ಸುದ್ದಿ’ ಎಂದು ಒಂದು ಗುಂಪು ಮಾಡಿದಳು.

ಉಪಯೋಗವಾಗಲಿಲ್ಲ ಎಂದರೆ ನಾಲಿಗೆ ಸೇದಿಹೋದೀತು. ಮೊದಲು ಜನ ಬಿಸಿಲಲ್ಲಿ ನಡೆದು ಬಂದು, “ಇನ್ನೂ ಆಗಿಲ್ವಾ?” ಎಂದು ಮುಖ ಗಂಟುಹಾಕಿ ಹೋಗುತ್ತಿದ್ದರು. ಈಗ ಬಟ್ಟೆ ಸಿದ್ಧವಾದ ಮೇಲೆ ಚಿಕ್ಕವಳು ಮೆಸೇಜು ಹಾಕುತ್ತಾಳೆ, ಅವರು ಬರುತ್ತಾರೆ. ಲೈನಿಂಗ್ ಯಾವ ಬಣ್ಣ ಎಂದು ಫೋಟೋ ಕಳಿಸಿ ಕೇಳುತ್ತಾಳೆ. ಬಿಚ್ಚಿ ಮತ್ತೆ ಹೊಲಿಯುವ ಕೆಲಸ ಅರ್ಧಕ್ಕರ್ಧ ತಪ್ಪಿತು. ಅತ್ತೆಯಂಥ ಅತ್ತೆಯೇ, “ಹುಡುಗಿ ಪರವಾಗಿಲ್ಲ ಕಣೇ,” ಅಂದರು. ಇಷ್ಟೊಂದು ಒಳ್ಳೆಯದಾದರೆ ನನ್ನಂಥವಳಿಗೆ ಅನುಮಾನ ಬರದೆ ಇರುತ್ತದೆಯೇ?

ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಕಂಡದ್ದು ಕಡಿಮೆಯೇನಲ್ಲ. ಒಂದು, ಅವಳು ಫೋನನ್ನು ಯಾವಾಗಲೂ ಬೋರಲು ಇಡುತ್ತಿದ್ದಳು. ಇನ್ನೊಂದು, ಕೆಲವು ಕರೆ ಬಂದರೆ ಎದ್ದು ಹಿಂಬಾಗಿಲ ಆಚೆ ಹೋಗಿ ಪಿಸುಪಿಸು ಮಾತಾಡುತ್ತಿದ್ದಳು. ಅದೆಂಥ ಗುಟ್ಟಪ್ಪ, ಅತ್ತೆ ಕಿವಿಗೂ ನನ್ನ ಕಿವಿಗೂ ಬೀಳಬಾರದ್ದು? ನಮ್ಮವರಿಗೆ ಹೇಳಿದರೆ ಕಾಲರಿಗೆ ನೀರು ಚಿಮುಕಿಸಿ, “ಇರ್ಲಿ ಬಿಡು,” ಅಂದರು. ಎಲ್ಲದಕ್ಕೂ ಅವರದ್ದು ಅದೇ ಮಾತು.

ಒಂದು ದಿನ ನಾನೇ ಫೋನು ತೆಗೆದೆ. ತೆಗೆಯುವ ಪಿನ್ನು ನನಗೂ ಹೇಳಿದ್ದಳು. ಆದರೆ ಆ್ಯಪ್ ಒಳಗೆ ಹೋದರೆ ಅದು ಇನ್ನೊಂದು ಪಿನ್ನು ಕೇಳಿತು. ನನ್ನ ರಕ್ತ ಸರ್ರನೆ ಏರಿತು.

“ಇದೇನೇ, ಬೀಗದ ಒಳಗೊಂದು ಬೀಗ?”

“ಅದು ಎರಡನೇ ಪಿನ್ ಅಕ್ಕ. ಯಾರಾದ್ರೂ ನಮ್ಮ ನಂಬರನ್ನ ಬೇರೆ ಫೋನಲ್ಲಿ ಹಾಕ್ಕೊಳ್ಳೋಕೆ ನೋಡಿದ್ರೆ ಇದು ಗೊತ್ತಿಲ್ದೆ ಆಗಲ್ಲ. ಮರೀಬಾರ್ದು ಅಂತ ಆಗಾಗ ಕೇಳತ್ತೆ. ನಿಮಗೂ ಹೇಳೋಣ ಅಂತಲೇ ಇದ್ದೆ.”

“ಅಂತಲೇ ಇದ್ದೆ,” ಎಂದು ಅವಳ ಹಾಗೆಯೇ ಹೇಳಿ ತೋರಿಸಿದೆ. “ನನ್ನ ಅಂಗಡಿಯಲ್ಲಿ ನನಗೆ ತೆಗೆಯೋಕಾಗದ ಪೆಟ್ಟಿಗೆ ಇರಕೂಡದು. ತೆಗೆದುಹಾಕು.”

“ಪಿನ್ ಹೇಳ್ತೀನಿ ಅಕ್ಕ, ನೀವೂ ಇಟ್ಕೊಳ್ಳಿ. ತೆಗೆಯೋದು ಬೇಡ.”

“ಒಂದು ಬೀಗ ಸಾಲದೇನೇ? ಯಾರಿಂದ ಬಚ್ಚಿಡೋಕೆ ಎರಡು?”

ಅವಳು ಒಮ್ಮೆ ಅತ್ತೆಯ ಕಡೆ, ಒಮ್ಮೆ ಇಸ್ತ್ರಿ ಮೇಜಿನ ಕಡೆ ನೋಡಿದಳು. ಅತ್ತೆ ಗುಂಡಿ ಆರಿಸುತ್ತಲೇ ಇದ್ದರು, ನಮ್ಮವರು ಅಂಗಿ ಮಗುಚಿ ಹಾಕಿದರು. ನನ್ನ ಕಣ್ಣೆದುರಿಗೇ ಆ ಎರಡನೇ ಪಿನ್ನು ತೆಗೆದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಯಿತು ಅವಳ ಮುಖ ಎಂದು ನನಗನ್ನಿಸಿತು. ಅನ್ನಿಸಬೇಕೆಂದು ಕೂತವರಿಗೆ ಏನು ತಾನೇ ಅನ್ನಿಸುವುದಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ಚಿಕ್ಕವಳು ಜಿಪ್ಪು, ಲೈನಿಂಗ್ ಬಟ್ಟೆ ತರಲು ಪೇಟೆಗೆ ಹೋಗಿದ್ದಳು. ಅಂಗಡಿಯ ಫೋನು ಕತ್ತರಿ ಮೇಜಿನ ಮೇಲಿತ್ತು. ನಾನು ಬೋರಲು ಇಟ್ಟಿರಲಿಲ್ಲ. ರಿಂಗಾಯಿತು. ಎಳೆಯ ಹೆಣ್ಣುದನಿ.

“ಅಕ್ಕ, ಹೊಲಿಗೆ ಅಂಗಡಿನಾ? ನಿಮ್ಮ ಗಿರಾಕಿಯೊಬ್ಬರು ನಂಬರ್ ಕೊಟ್ರು. ನನಗೊಂದು ಗೌನು ಹೊಲಿಸಬೇಕಿತ್ತು.”

“ಬಾಮ್ಮ, ಅಳತೆ ತಗೋತೀವಿ.”

“ಬರೋಕಾಗಲ್ಲ ಅಕ್ಕ. ಅಳತೆ ಮೆಸೇಜಲ್ಲಿ ಕಳಿಸ್ತಿದೀನಿ. ಆರು ಅಂಕಿ ಇರತ್ತೆ. ಸರಿಯಾಗಿ ಬಂತಾ ಅಂತ ಒಂಚೂರು ಓದಿ ಹೇಳ್ತೀರಾ?”

ಹೇಳುತ್ತಿರುವಾಗಲೇ ಫೋನು ಟಿಣ್ ಅಂದಿತು. ಮೆಸೇಜಿನ ತುಂಬ ಇಂಗ್ಲಿಷು, ನಡುವೆ ಆರು ಅಂಕಿ. ಇಂಗ್ಲಿಷಿನ ಸಾಲು ಕಂಡರೆ ನನ್ನ ಕಣ್ಣು ತಾನಾಗಿಯೇ ಜಾರಿ ಅಂಕಿಯ ಮೇಲೆ ನಿಲ್ಲುತ್ತದೆ. ಅತ್ತೆಯೂ ಎದ್ದು ಬಂದು ನನ್ನ ಭುಜದ ಮೇಲಿಂದ ಇಣುಕಿದರು. ಹೊಸ ಗಿರಾಕಿ ಎಂದರೆ ಅವರಿಗೆ ಕುತೂಹಲ.

“ಭುಜ ಹದಿನೇಳು, ಎದೆ ಇಪ್ಪತ್ತನಾಲ್ಕು, ಸೊಂಟ ಐವತ್ತೊಂದು,” ಎಂದು ಎರಡೆರಡಾಗಿ ಓದಿದೆ. ಓದಿದ ಮೇಲೆ ನನಗೇ ಗಾಬರಿಯಾಯಿತು. “ಏನಮ್ಮ ಇದು? ಎದೆ ಇಪ್ಪತ್ತನಾಲ್ಕಕ್ಕೆ ಸೊಂಟ ಐವತ್ತೊಂದಾ? ಟೇಪು ಎಲ್ಲಿ ಹಿಡಿದೆ ನೀನು?”

“ಅದು, ಅದು ಅಕ್ಕ,” ಎಂದು ತಡವರಿಸಿದಳು. ಆಮೇಲೆ ನಾಚಿಕೊಂಡಂತೆ, “ಬಸುರಿ ಅಕ್ಕ,” ಅಂದಳು.

ಬಸುರಿ ಅಂದಮೇಲೆ ಮುಗಿಯಿತು. ನನ್ನ ಸೂಜಿಗಣ್ಣು ಅಲ್ಲೇ ಮುಚ್ಚಿತು. ಪಾಪ, ತುಂಬಿದ ಬಸುರಿ, ನಡೆದು ಬರಲಾಗದೆ ಮೆಸೇಜು ಕಳಿಸಿದ್ದಾಳೆ. “ಅಷ್ಟು ಮೊದಲೇ ಹೇಳಬಾರ್ದಾ ತಾಯಿ? ಎರಡಿಂಚು ಸಡಿಲ ಬಿಟ್ಟು ಹೊಲಿತೀನಿ. ಪಕ್ಕದಲ್ಲಿ ಹೊಲಿಗೆ ಒಳಗೆ ಬಟ್ಟೆ ಉಳಿಸ್ತೀನಿ, ಆಮೇಲೆ ಬೇಕಾದ ಹಾಗೆ ಮಾಡ್ಕೋಬಹುದು. ನಿಂತು ಕೆಲಸ ಮಾಡಬೇಡ, ಕಾಲು ಊದತ್ತೆ,” ಎಂದು ಉಪದೇಶವನ್ನೂ ಮಾಡಿದೆ. “ಆಯ್ತಕ್ಕ, ಆಯ್ತಕ್ಕ,” ಎಂದು ಇಟ್ಟುಬಿಟ್ಟಳು. ಅಳತೆ ಪುಸ್ತಕಕ್ಕೆ ಏರಿಸಿದೆ. ನಮ್ಮ ಪದ್ಧತಿಯಂತೆ ಮೆಸೇಜು ಅಳಿಸಿದೆ.

“ಅಷ್ಟು ಸಣ್ಣ ಎದೆಗೆ ಅಷ್ಟು ದೊಡ್ಡ ಹೊಟ್ಟೆ. ಅವಳಿಜವಳಿ ಇರಬೇಕು,” ಎಂದರು ಅತ್ತೆ.

ಮಧ್ಯಾಹ್ನದ ಹೊತ್ತಿಗೆ ಮೇಡಂ ಬಂದರು. ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು, ಅತ್ತೆಯ ಕಾಲದಿಂದಲೂ ನಮ್ಮ ಗಿರಾಕಿ. ಒಂದು ಕೈಯಲ್ಲಿ ಹಣ್ಣಿನ ಚೀಲ, ಮುಖದಲ್ಲಿ ಸಾವಿನ ಮನೆಗೆ ಬಂದವರ ಕಳೆ. ಬಂದವರೇ ನನ್ನ ಎರಡೂ ಕೈ ಹಿಡಿದುಕೊಂಡರು.

“ಧೈರ್ಯ ತಗೋಮ್ಮ. ಆಪರೇಷನ್ ಆಯ್ತಾ? ಯಜಮಾನರು ಹೇಗಿದಾರೆ?”

ಯಜಮಾನರು ಇಸ್ತ್ರಿ ಮೇಜಿನ ಹಿಂದೆ ಪ್ಯಾಂಟಿನ ಗೆರೆ ಕೂರಿಸುತ್ತ ನಿಂತಿದ್ದರು. ಮೇಡಂ ಅವರನ್ನು ನೋಡಿ ಚೀಲ ಕೆಳಗಿಟ್ಟುಬಿಟ್ಟರು. ಬೆಂಚಿನ ಮೇಲಿದ್ದ ಇಬ್ಬರು ಹೆಂಗಸರು ಕತ್ತು ಉದ್ದ ಮಾಡಿದರು.

ಮೇಡಂ ತಮ್ಮ ಫೋನು ತೋರಿಸಿದರು. ‘ಅಂಗಡಿ ಸುದ್ದಿ’ ಗುಂಪಿನಲ್ಲಿ, ನಮ್ಮ ಅಂಗಡಿಯ ಹೆಸರಿನಿಂದಲೇ ಮೆಸೇಜು. ಅಂಗಡಿಯ ಯಜಮಾನರಿಗೆ ತುರ್ತು ಆಪರೇಷನ್ ಆಗಬೇಕಿದೆ, ಕೈಲಾದಷ್ಟು ಸಹಾಯ ಮಾಡಿ, ಮುಂದಿನ ಹೊಲಿಗೆಯಲ್ಲಿ ಮುರಿದುಕೊಳ್ಳಿ, ಈ ನಂಬರಿಗೆ ಹಾಕಿ. ಒಂದು ಕಾಗುಣಿತ ತಪ್ಪಿಲ್ಲ. ಮೇಡಂ ಆಗಲೇ ಹಾಕಿಬಿಟ್ಟಿದ್ದರು. ಬೆಂಚಿನ ಮೇಲಿನವರಲ್ಲೊಬ್ಬಳು, “ನಾನೂ ಹಾಕಿದೆ. ಅದನ್ನೇ ಕೇಳೋಣ ಅಂತ ಬಂದು, ಬಾಯಿ ಬರದೆ ಕೂತಿದ್ದೆ,” ಅಂದಳು.

ನಮ್ಮ ಫೋನು ತೆಗೆದರೆ ಆ್ಯಪ್ ಒಳಗೆ ಏನೂ ಇಲ್ಲ. ಗುಂಪಿಲ್ಲ, ಗಿರಾಕಿಯಿಲ್ಲ, ‘ಈ ಫೋನಿನಲ್ಲಿ ನೋಂದಣಿ ಇಲ್ಲ’ ಎಂದು ಬರೆದಿತ್ತು. ನಮ್ಮ ಅಂಗಡಿ ನಮ್ಮನ್ನು ಹೊರಗೆ ಹಾಕಿ ಒಳಗಿಂದ ಚಿಲಕ ಹಾಕಿಕೊಂಡಿತ್ತು.

ನನಗೆ ಆ ಕ್ಷಣದಲ್ಲಿ ಎಲ್ಲವೂ ಕೂಡಿಬಂತು. ಅಂಗಡಿಯಲ್ಲಿ ಕನ್ನಡದಲ್ಲಿ ಪಟಪಟ ಟೈಪು ಮಾಡಬಲ್ಲವಳು ಒಬ್ಬಳೇ. ಗುಂಪು ಮಾಡಿದವಳು ಅವಳೇ. ಬೀಗದ ಮೇಲೆ ಬೀಗ ಹಾಕಿದವಳು ಅವಳೇ. ಪಿಸುಪಿಸು ಮಾತಾಡಿದವಳು ಅವಳೇ. ಇವತ್ತೇ ಪೇಟೆಗೆ ಹೋಗಬೇಕಿತ್ತೇ? ಬೇಲಿಯೇ ಎದ್ದು ಹೊಲ ಮೇದಂತಾಯಿತು ಎಂದು ಮೇಡಂ ಮುಂದೆ ಅಂದೂ ಬಿಟ್ಟೆ.

ಅಷ್ಟರಲ್ಲಿ ಚಿಕ್ಕವಳು ಬಂದಳು. ಓಡಿಬಂದಿದ್ದಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಗುಂಪಿನ ಮೆಸೇಜನ್ನು ತನ್ನ ಫೋನಿನಲ್ಲಿ ನೋಡಿದ್ದಳಂತೆ. ಒಳಗೆ ಬಂದವಳು ಮೊದಲು ಕೇಳಿದ್ದು ಒಂದೇ.

“ಅಕ್ಕ, ಯಾರಿಗಾದ್ರೂ ಕೋಡ್ ಹೇಳಿದ್ರಾ?”

“ಕೋಡಾ? ನಾನಾ?” ಎಂದೆ. “ನನಗೆ ಕೋಡೂ ಗೊತ್ತಿಲ್ಲ, ಗೀಡೂ ಗೊತ್ತಿಲ್ಲ. ಮಾಡೋದೆಲ್ಲ ಮಾಡಿ ನನ್ನ ತಲೆಗೆ ಕಟ್ತೀಯೇನೇ?”

“ಕಟ್ತಿಲ್ಲ ಅಕ್ಕ. ಫೋನಿಗೆ ಬಂದ ಕೋಡ್ ಯಾರಿಗಾದ್ರೂ ಹೇಳಿದ್ರೆ ಮಾತ್ರ ಹೀಗಾಗೋದು. ಫೋನ್ ಕೊಡಿ, ಈಗಲೇ ವಾಪಸ್ ತಗೋಬಹುದು. ತಡ ಮಾಡಬಾರ್ದು.”

“ಫೋನು ಕೊಡಬೇಕಾ? ನಿನ್ನ ಇನ್ನೊಂದು ಫೋನು ಎಲ್ಲಿದೆ, ಅದನ್ನ ತೆಗಿ ಮೊದಲು.”

ಇನ್ನೊಂದು ಫೋನು ಇರಲೇಬೇಕು ಎಂದು ನನಗೆ ಖಾತ್ರಿಯಾಗಿತ್ತು. ಅವಳ ಹೆಗಲ ಮೇಲಿದ್ದ ಚೀಲಕ್ಕೆ ಕೈಹಾಕಿದೆ. ಅವಳು ಬಿಗಿಯಾಗಿ ಹಿಡಿದುಕೊಂಡಳು. ಹಿಡಿದುಕೊಂಡದ್ದೇ ಸಾಕ್ಷಿ ಎಂದುಕೊಂಡು ಕಿತ್ತುಕೊಂಡೆ. ಕತ್ತರಿ ಮೇಜಿನ ಮೇಲೆ, ಸೀಮೆಸುಣ್ಣದ ಗೆರೆ ಹಾಕಿದ ಬಟ್ಟೆಯ ಮೇಲೆಯೇ ಸುರಿದೆ. ಜಿಪ್ಪಿನ ಕಟ್ಟು, ಊಟದ ಡಬ್ಬಿ, ಹಲ್ಲು ಮುರಿದ ಬಾಚಣಿಗೆ, ಮಾತ್ರೆಯ ಹಾಳೆ, ಒಳಗಿನ ಬಟ್ಟೆ ಹರಿದ ಪರ್ಸು, ಕಾಗದದಲ್ಲಿ ಸುತ್ತಿದ್ದ, ಹೆಣ್ಣುಮಕ್ಕಳು ನಾಲ್ಕು ಜನರ ಮುಂದೆ ತೆಗೆಯದ ವಸ್ತು. ಅವಳ ಫೋನು ಅವಳ ಕೈಯಲ್ಲೇ ಇತ್ತು. ಇನ್ನೊಂದು ಇರಲಿಲ್ಲ. ನಮ್ಮವರು ಗೋಡೆಯ ಕಡೆ ತಿರುಗಿ ನಿಂತರು. ಮೇಡಂ ಕನ್ನಡಕ ತೆಗೆದು ಒರೆಸತೊಡಗಿದರು.

ಚಿಕ್ಕವಳು ಅಳಲಿಲ್ಲ. ಅತ್ತರೆ ನನಗೂ ಸಮಾಧಾನವಾಗುತ್ತಿತ್ತೇನೋ. ಒಂದೊಂದೇ ವಸ್ತು ಎತ್ತಿ ಚೀಲಕ್ಕೆ ಹಾಕಿಕೊಂಡಳು. ಜಿಪ್ಪಿನ ಕಟ್ಟು ಮಾತ್ರ ಮೇಜಿನ ಮೇಲೆ ಬಿಟ್ಟಳು.

“ನಾಳೆಯಿಂದ ಬರಬೇಡ,” ಎಂದೆ.

“ಸರಿ ಅಕ್ಕ,” ಅಂದಳು.

ಅವಳು ಹೋದ ಮೇಲೆ ಬಂದವರಿಗೆಲ್ಲ ನಾನು ಹೇಳಿದ್ದು ಒಂದೇ ಕಥೆ. ನಮ್ಮ ಚಿಕ್ಕವಳೇ ಹೀಗೆ ಮಾಡಿದ್ದು, ಮನೆಯವರೇ ಹೀಗಾದರೆ ಯಾರಿಗೆ ಹೇಳೋಣ. ಹೇಳುವಾಗ ಬಾಯಿಗೆ ರುಚಿಯಾಗಿಯೇ ಇತ್ತು. ಮೈದುನ ಸಂಜೆ ಬಂದು ಅಂಗಡಿ ಮೆಟ್ಟಿಲ ಕೆಳಗೇ ನಿಂತ. “ಅತ್ತಿಗೆ, ಅವಳನ್ನ ಏನಂದ್ರಿ?” ಎಂದು ಕೇಳಿದ. ನನ್ನ ಉತ್ತರ ಕೇಳಿ, ಮೆಟ್ಟಿಲು ಹತ್ತದೆ ಹಾಗೇ ಹೋದ.

ಮೆಸೇಜುಗಳು ಮಾತ್ರ ನಿಲ್ಲಲಿಲ್ಲ. ಆಪರೇಷನ್ನಿಗೆ ಇನ್ನೂ ಬೇಕು, ರಕ್ತ ಬೇಕು, ಔಷಧಿ ಬೇಕು ಎಂದು ಬರುತ್ತಲೇ ಇದ್ದವು. ಮರುದಿನ ಬೆಳಿಗ್ಗೆ ಔಷಧಿ ಅಂಗಡಿಯವಳು ಬಾಗಿಲಲ್ಲಿ ನಿಂತು, ಒಳಗೆ ಬಾರದೆಯೇ, ಹೊಲಿಯಲು ಕೊಟ್ಟ ಬಟ್ಟೆ ವಾಪಸು ಕೇಳಿದಳು. “ಹೊಲಿಯೋದು ಬೇಡ, ಹಾಗೇ ಕೊಡಿ. ನನ್ನ ಅಳತೆ ಇರೋ ಹಾಳೆನೂ ಹರಿದು ಕೊಡಿ,” ಅಂದಳು. ಅಷ್ಟು ವರ್ಷದಲ್ಲಿ ನಮ್ಮ ಅಂಗಡಿಯಿಂದ ಅಳತೆ ವಾಪಸು ಕೇಳಿದವರು ಯಾರೂ ಇರಲಿಲ್ಲ. ಅತ್ತೆಯ ಕೈಯಿಂದ ಗುಂಡಿಯ ತಟ್ಟೆ ಜಾರಿ ನೆಲದ ತುಂಬ ಗುಂಡಿಗಳು ಉರುಳಿದವು.

“ಹೋಗಿ ಅವಳನ್ನ ಕರ್ಕೊಂಡು ಬಾರೋ,” ಎಂದರು ಅತ್ತೆ, ನಮ್ಮವರಿಗೆ.

“ಅವಳನ್ನಾ?” ಎಂದೆ ನಾನು.

“ಹೂಂ, ಅವಳನ್ನೇ. ಕಳ್ಳಿಯಾದ್ರೆ ಕದ್ದಿದ್ದನ್ನ ವಾಪಸ್ ತರೋದು ಅವಳಿಗೇ ಗೊತ್ತು. ಅಲ್ಲದಿದ್ರೂ ಅವಳಿಗೇ ಗೊತ್ತು. ನಿನಗಂತೂ ಗೊತ್ತಿಲ್ಲ.”

ನಮ್ಮವರು ಇಸ್ತ್ರಿಪೆಟ್ಟಿಗೆ ಆರಿಸಿ ಹೋದರು. ಚಿಕ್ಕವಳು ಬಂದಳು. ಕುಳಿತುಕೊಳ್ಳಲಿಲ್ಲ. ಫೋನು ತೆಗೆದುಕೊಂಡು ಏನೇನೋ ಒತ್ತಿದಳು. “ನಮ್ಮ ನಂಬರಿಗೆ ಕೋಡ್ ಬರತ್ತೆ. ಅವರು ಎರಡನೇ ಪಿನ್ ಹಾಕಿಲ್ದಿದ್ರೆ ವಾಪಸ್ ಸಿಗತ್ತೆ,” ಎಂದಳು. ಮಾತು ಅತ್ತೆಗೆ ಹೇಳಿದ್ದು. ನನ್ನ ಕಡೆ ನೋಡಲಿಲ್ಲ. ನಾನು ಕತ್ತರಿ ಮೇಜಿನ ಈ ಕಡೆ ಕೈಕಟ್ಟಿ ನಿಂತು ಅವಳ ಬೆರಳನ್ನೇ ನೋಡುತ್ತಿದ್ದೆ. ಎಲ್ಲಿ ಏನು ಬಚ್ಚಿಡುತ್ತಾಳೋ ಎಂದು ಇನ್ನೂ ಕಾಯುತ್ತಿದ್ದೆ.

ಫೋನು ಟಿಣ್ ಅಂದಿತು. ಇಂಗ್ಲಿಷಿನ ಸಾಲುಗಳು, ನಡುವೆ ಆರು ಅಂಕಿ. ಅತ್ತೆ ಇಣುಕಿ ನೋಡಿ, ಎಂದಿನ ಗಟ್ಟಿದನಿಯಲ್ಲಿ ಎರಡೆರಡಾಗಿ ಓದಿದರು.

“ಭುಜ ಅರವತ್ತೆರಡು, ಎದೆ ಸೊನ್ನೆ ಮೂರು, ಸೊಂಟ ಎಂಬತ್ತೆಂಟು. ಇದೇನೇ ಇದು, ಎದೆ ಮೂರೇ ಇಂಚಾ? ನಿನ್ನೆ ಬಸುರಿನೇ ಮತ್ತೆ ಕಳಿಸಿದಾಳಾ? ಅವಳೂ ಹೀಗೇ ಕಳಿಸಿದ್ಲು. ಹದಿನೇಳು, ಇಪ್ಪತ್ತನಾಲ್ಕು, ಐವತ್ತೊಂದು.”

ಚಿಕ್ಕವಳು ಮೆಲ್ಲನೆ ತಲೆಯೆತ್ತಿದಳು.

“ಯಾವ ಬಸುರಿ ಅತ್ತೆ?”

“ನಿನ್ನೆ, ನೀನು ಜಿಪ್ಪಿಗೆ ಹೋದಾಗ. ಅಳತೆ ಸರಿಯಾಗಿ ಬಂತಾ ಓದಿ ಹೇಳಿ ಅಂದ್ಲಂತೆ. ಇವಳು ಓದಿ ಹೇಳಿದ್ಲು.”

ಚಿಕ್ಕವಳು ನಿನ್ನೆ ಕೇಳಿದ ಕೋಡು ಅದೇ ಎಂದು ನನಗೆ ಆಗ ಹೊಳೆಯಿತು. ಕೋಡು ಎಂದಿದ್ದರೆ ನಾನು ಸತ್ತರೂ ಹೇಳುತ್ತಿರಲಿಲ್ಲ. ಪಾಸ್‌ವರ್ಡು, ಪಿನ್ನು, ಬ್ಯಾಂಕು, ಇಂಥ ಒಂದು ಮಾತು ಬಂದಿದ್ದರೂ ಫೋನಿನೊಳಕ್ಕೇ ಉಗಿದುಬಿಡುತ್ತಿದ್ದೆ. ಆದರೆ ಅವರು ಕೇಳಿದ್ದು ಅಳತೆ. ಟೇಪು ಕೊರಳಿಗೆ ಹಾಕಿಕೊಂಡು ನಿಂತವಳಿಗೆ ಆರು ಅಂಕಿ ಅಳತೆಯಲ್ಲದೆ ಮತ್ತೇನಾಗಿ ಕಾಣಬೇಕು? ಊರಿನವರನ್ನೆಲ್ಲ ಅನುಮಾನಿಸಿದವಳು ಆ ಒಬ್ಬಳಿಗೆ ಎರಡಿಂಚು ಸಡಿಲ ಬಿಟ್ಟೆ.

ಚಿಕ್ಕವಳು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಾಗಿಹೋಗಿತ್ತು. ಆದರೆ ತಾನಾಗಿ ಒಂದು ಮಾತೂ ಆಡಲಿಲ್ಲ. ಅತ್ತೆಗೆ ಇನ್ನೂ ಅರ್ಥವಾಗಿರಲಿಲ್ಲ, ನಮ್ಮವರಿಗೂ ಆಗಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಕಥೆ ಅಲ್ಲಿಗೆ ಮುಚ್ಚಿಹೋಗಬಹುದಿತ್ತು. ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತಿತ್ತು.

“ಕೋಡು ನಾನೇ ಹೇಳಿದ್ದು,” ಎಂದೆ. ದನಿ ನನ್ನದೇ ಎಂದು ಅನ್ನಿಸಲಿಲ್ಲ. “ಅಳತೆ ಅಂದ್ಕೊಂಡು ಹೇಳ್ಬಿಟ್ಟೆ. ಇವಳದೇನೂ ಇಲ್ಲ ಅತ್ತೆ. ಆ ಎರಡನೇ ಬೀಗ ತೆಗೆಸಿದ್ದೂ ನಾನೇ.”

ಅತ್ತೆ ಒಂದು ಸಲ ಅಂಕಿ ನೋಡಿದರು, ಒಂದು ಸಲ ನನ್ನ ಮುಖ ನೋಡಿದರು. “ಬಸುರಿ ಅಲ್ವಾ ಹಾಗಾದ್ರೆ ಅವಳು?” ಎಂದು ಸಣ್ಣದನಿಯಲ್ಲಿ ಕೇಳಿದರು.

ಚಿಕ್ಕವಳು ಕೋಡು ಹಾಕಿದಳು. ಗುಂಪು ವಾಪಸು ಬಂತು. ಮೊದಲ ಕೆಲಸವಾಗಿ ಎರಡನೇ ಪಿನ್ನು ಹಾಕಿ, ನನಗೂ ಹೇಳಿದಳು. ಗುಂಪಿನಲ್ಲಿ ಎಚ್ಚರಿಕೆಯ ಮೆಸೇಜು ಹಾಕಿದಳು. ದುಡ್ಡು ಹೋದ ನಂಬರು ಬರೆದುಕೊಂಡು ಪೊಲೀಸಿಗೂ ಬ್ಯಾಂಕಿಗೂ ದೂರು ಕೊಡಲು ನಮ್ಮವರನ್ನು ಕಳಿಸಿದಳು. ಆಮೇಲೆ ನಮಗಿಬ್ಬರಿಗೂ ಒಂದು ಮಾತು ಹೇಳಿದಳು. ಅದರಲ್ಲಿ ಕೋಡೂ ಇರಲಿಲ್ಲ, ಪಿನ್ನೂ ಇರಲಿಲ್ಲ.

“ಅಳತೆ ಯಾವಾಗ್ಲೂ ಗಿರಾಕಿ ಹೇಳ್ಬೇಕು, ನಾವು ಬರ್ಕೋಬೇಕು. ನಮ್ಮ ಫೋನಿಗೆ ಬಂದ ಅಂಕಿನ ನೀವು ಓದಿ ಹೇಳಿ ಅಂದ್ರೆ ಅವರು ಗಿರಾಕಿ ಅಲ್ಲ. ತರಕಾರಿ ಅಂಗಡಿಗೆ ಫೋನ್ ಮಾಡಿದ್ರೆ ಆರ್ಡರ್ ನಂಬರ್ ಅಂತಿದ್ರು. ನಮಗೆ ಅಳತೆ ಅಂದ್ರು. ಅಷ್ಟೇ.”

“ಆ ಪಿಸುಪಿಸು ಮಾತು?” ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಹುಟ್ಟುಗುಣ ಎಲ್ಲಿ ಹೋಗಬೇಕು.

“ಕೆಲವರು ದಪ್ಪ ಆಗಿರ್ತಾರೆ, ಅಳತೆ ಬದಲಾಯಿಸಿ ಅಂತಾರೆ. ಬೆಂಚಿನ ಮೇಲೆ ಜನ ಇರ್ತಾರಲ್ಲ ಅಕ್ಕ. ಕೇಳಿಸಬಾರ್ದು ಅಂತ ಆಚೆ ಹೋಗ್ತಿದ್ದೆ. ಫೋನ್ ಬೋರಲು ಇಡೋದೂ ಅದಕ್ಕೇ.”

ಅತ್ತೆಯ ಪದ್ಧತಿಯನ್ನು ನನಗಿಂತ ಚೆನ್ನಾಗಿ ನಡೆಸಿದ್ದಳು. ನನಗೆ ನಾಚಿಕೆಯಾಯಿತು. ಬೇರೆ ಪದ ಹುಡುಕುವುದಿಲ್ಲ, ನಾಚಿಕೆಯೇ ಆಯಿತು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಬೀದಿಯವರು ಅನ್ನಲಿ, ಬಾಗಿಲನ್ನಂತೂ ಹಾಕಬೇಕಲ್ಲ. ನಾನು ಯಾರ್ಯಾರಿಗೆ ಚಿಕ್ಕವಳ ಹೆಸರು ಹೇಳಿದ್ದೆನೋ ಅವರಿಗೆಲ್ಲ ನಾನೇ ಫೋನು ಮಾಡಲು ಕೂತೆ. ಮೊದಲ ಕರೆ ಔಷಧಿ ಅಂಗಡಿಯವಳಿಗೆ.

“ನಾನು ಹೊಲಿಗೆ ಅಂಗಡಿಯಿಂದ ಮಾತಾಡ್ತಿದೀನಿ. ನಮ್ಮ ಚಿಕ್ಕವಳದು ತಪ್ಪಿಲ್ಲ, ಮೋಸ ಹೋಗಿದ್ದು ನಾನು.”

“ನೀವು ಅಂಗಡಿಯವರೇ ಅಂತ ಹೇಗೆ ನಂಬೋದು? ನಿನ್ನೆಯಿಂದ ನಿಮ್ಮ ನಂಬರಿಂದ ಏನೇನೋ ಬರ್ತಿದೆ. ಹೌದಾದ್ರೆ ನನ್ನ ಸೊಂಟದ ಅಳತೆ ಹೇಳಿ ನೋಡೋಣ.”

ಮೂವತ್ತು ಎಂದು ಬಾಯಿತುದಿಗೆ ಬಂತು. ನುಂಗಿಕೊಂಡೆ. “ಹೇಳಲ್ಲಮ್ಮ. ಫೋನಲ್ಲಿ ಯಾರಿಗೂ ಯಾವ ಅಂಕಿನೂ ಹೇಳಲ್ಲ. ಅಂಗಡಿ ಇದೇ ಬೀದಿಯಲ್ಲಿದೆ, ಬಂದು ನನ್ನ ಮುಖ ನೋಡು.”

“ಹಾಗಾದ್ರೆ ನೀವೇ,” ಅಂದಳು. ಬರುತ್ತೇನೆ ಎಂದೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮುಂದಿನ ನಂಬರು ಒತ್ತಿದೆ. ಕೆಲವರು ಬೈದರು, ಕೆಲವರು ನಕ್ಕರು. ಮೇಡಂ ಮಾತ್ರ, “ಇದನ್ನ ಅವಳ ಮುಂದೆ ಹೇಳಿದ್ಯಾ?” ಎಂದು ಕೇಳಿದರು. ಹೌದು ಎಂದೆ. “ಬೆಂಚಿನ ಮೇಲೆ ಜನ ಇದ್ರಾ, ನಿನ್ನೆಯ ಹಾಗೆ?” ಎಂದರು. ಇರಲಿಲ್ಲ ಎಂದೆ. ಮೇಡಂ ಹೂಂ ಎಂದಷ್ಟೇ ಹೇಳಿ ಇಟ್ಟರು.

ಸಂಜೆಯವರೆಗೂ ಚಿಕ್ಕವಳು ಕೆಲಸ ಮಾಡಿದಳು. ನಾಳೆ ಬರುತ್ತೀಯಾ ಎಂದು ನಾನು ಕೇಳಿದಾಗ, “ಬರ್ತೀನಿ ಅಕ್ಕ,” ಎಂದಳು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು ಎಂದುಕೊಂಡೆ. ಉಳಿದಳಲ್ಲ, ಸಾಕು. ಅಂಗಡಿ ಮುಚ್ಚುವ ಹೊತ್ತಾಯಿತು. ಬೆಂಚಿನ ಮೇಲೆ ಇನ್ನೂ ಇಬ್ಬರು ಗಿರಾಕಿಗಳು ತಮ್ಮ ಬಟ್ಟೆ ಕಟ್ಟಿಸಿಕೊಳ್ಳುತ್ತಿದ್ದರು. ಚಿಕ್ಕವಳು ಚೀಲ ಹೆಗಲಿಗೆ ಹಾಕಿಕೊಂಡವಳು, ಬಾಗಿಲಿಗೆ ಹೋಗದೆ ನೇರ ನನ್ನ ಮೇಜಿನ ಹತ್ತಿರ ಬಂದಳು. ಚೀಲ ಇಳಿಸಿ, ಬಾಯಿ ಅಗಲವಾಗಿ ತೆರೆದು ನನ್ನ ಮುಂದೆ ಹಿಡಿದಳು.

“ನೋಡ್ಬಿಡಿ ಅಕ್ಕ.”

“ಏನೇ ಇದು? ಮುಚ್ಚು ತಾಯಿ,” ಎಂದೆ.

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ನಗೆಯೂ ಇರಲಿಲ್ಲ. “ದಿನಾ ನೋಡಿ ಕಳಿಸಿದ್ರೆ ನಿಮಗೂ ನಿಶ್ಚಿಂತೆ, ನನಗೂ ನಿಶ್ಚಿಂತೆ,” ಎಂದಳು.

ಬೆಂಚಿನ ಮೇಲಿನವರು ನೋಡುತ್ತಿದ್ದರು. ನಾನು ನೋಡುವವರೆಗೂ ಅವಳು ಚೀಲ ಮುಚ್ಚಲಿಲ್ಲ.